ಪದ್ಮಿನಿಯ ಬ್ಯಾಟರಿ ಒಮ್ಮೊಮ್ಮೆ ಮಾತ್ರ ಯಾಕೆ ಚಾರ್ಜ್ ಆಗಲ್ಲ?

ಡೊಂಬಿವ್ಲಿ, ಕಲ್ಯಾಣ, ಠಾಣೆ, ನವಿ ಮುಂಬೈ ಕಡೆ ಇರೋ ನಮ್ಮವರಲ್ಲಿ ಕೆಲವರು ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿಯನ್ನ ಇನ್ನೂ ಉಳಿಸ್ಕೊಂಡಿದ್ದೀರಿ. ಇವತ್ತಿನ ಮಾತು ನಿಮಗೆ.

ಇದು ನಮ್ಮ ಪಕ್ಕದ ಊರಿನ ಗಾಡಿ. ಕುರ್ಲಾದಲ್ಲಿ ತಯಾರಾಗ್ತಿದ್ದ ಫಿಯಟ್ 1100ಗೆ 1974ರಲ್ಲಿ ಪದ್ಮಿನಿ ಅಂತ ಹೆಸರು ಬಂತು. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ನಿವೃತ್ತಿಯಾಯ್ತು. ಅದನ್ನ ಕಣ್ಣುಮುಚ್ಚಿ ರಿಪೇರಿ ಮಾಡ್ತಿದ್ದ ಕೈಗಳೂ ಕಡಿಮೆಯಾಗ್ತಿವೆ. ಹಾಗಾಗಿ ಅರ್ಧ ಕೆಲಸ ನಾವೇ ಕಲೀಬೇಕು.

ಕಳೆದ ಮಳೆಗಾಲ, ರಾತ್ರಿ, ಕಲ್ಯಾಣ-ಶೀಳ್ ರಸ್ತೆ. ಹಿಂದಿನ ಸೀಟಲ್ಲಿ ಅಮ್ಮ. ವೈಪರ್ ನಿಧಾನವಾಯ್ತು, ಹೆಡ್‌ಲೈಟ್ ಮಂಕಾಯ್ತು, ಗಾಡಿ ನಿಂತೇಹೋಯ್ತು. ಮರುದಿನ ಗ್ಯಾರೇಜಲ್ಲಿ ನೋಡಿದ್ರೆ ಎಲ್ಲ ಸರಿ! ಹೊಸ ಬ್ಯಾಟರಿ ಹಾಕಿಸಿದೆ. ಎರಡು ವಾರಕ್ಕೆ ಮತ್ತೆ ಅದೇ ಕಥೆ. ಆಲ್ಟರ್ನೇಟರ್ ಬದಲಿಸಿದೆ, ಮತ್ತೆ ಅದೇ. "ಮಾರಿಬಿಡೋ" ಅಂದ್ಲು ಅಮ್ಮ. ಅಪ್ಪನ ಗಾಡಿ ಅದು.

ನಾವೆಲ್ಲ ಆಫೀಸಲ್ಲಿ ಇಂಥ ಬಗ್ ನೋಡಿದವರೇ. ಅದು ಕಾಣಿಸಿಕೊಂಡಾಗಲೇ ಅಳೀಬೇಕು, ಆಮೇಲಲ್ಲ. ಬ್ಯಾಟರಿಯ ಎರಡೂ ಟರ್ಮಿನಲ್‌ನಿಂದ ಫ್ಯೂಸ್ ಹಾಕಿದ ತೆಳು ವೈರ್ ಎಳೆದು ಡ್ಯಾಶ್‌ಬೋರ್ಡ್ ಮೇಲೆ ವೋಲ್ಟ್‌ಮೀಟರ್ ಇಟ್ಟುಕೊಂಡೆ.

ಲೆಕ್ಕ ಹೀಗಿದೆ. ನಿಂತ ಗಾಡಿಯಲ್ಲಿ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತೆ. ಎಂಜಿನ್ ಸ್ವಲ್ಪ ರೇಸ್ ಮಾಡಿದಾಗ 13.8ರಿಂದ 14.4 ಬರಬೇಕು. ನಿಮ್ಮದು ಡೈನಮೋ ಇರೋ ಹಳೇ ಗಾಡಿಯಾದ್ರೆ, ಐಡ್ಲಿಂಗ್‌ನಲ್ಲಿ ಕೆಂಪು ದೀಪ ಮಿನುಗೋದು ಸಹಜ. ಡೈನಮೋ ಆ ವೇಗಕ್ಕೆ ಚಾರ್ಜ್ ಮಾಡಲ್ಲ. ಟ್ರಾಫಿಕ್‌ನಲ್ಲಿ ಬ್ಯಾಟರಿ ಇಳಿಯೋದಕ್ಕೆ ಅದೇ ಕಾರಣ ಇರಬಹುದು.

ನನ್ನ ಮೀಟರ್ 14ರಲ್ಲಿತ್ತು. ಹೊಂಡ ಹಾದ ಮೇಲೆ 12.3ಕ್ಕೆ ಬಿತ್ತು. ಆದರೆ ಕೆಂಪು ದೀಪ ಹತ್ತಲೇ ಇಲ್ಲ! ಗಾಡಿ ಬದಿಗೆ ಹಾಕಿದೆ. ಎಂಜಿನ್, ಹೆಡ್‌ಲೈಟ್ ಎರಡೂ ಆನ್ ಇದ್ದಾಗಲೇ, ಬೆಲ್ಟ್‌ಗೆ ಕೈ-ಬಟ್ಟೆ ತಾಗದಂತೆ ನೋಡಿಕೊಂಡು, ಮೂರು ಅಳತೆ ತಗೊಂಡೆ:

1. ಬ್ಯಾಟರಿ ಪ್ಲಸ್‌ನಿಂದ ಆಲ್ಟರ್ನೇಟರ್‌ನ ದಪ್ಪ ವೈರ್ ಕೂರುವ ಬೋಲ್ಟ್‌ಗೆ: 0.1 ವೋಲ್ಟ್. ಸರಿ ಇದೆ. 0.3 ದಾಟಿದ್ರೆ ಈ ದಾರಿಯಲ್ಲಿ ತೊಂದರೆ.
2. ಬ್ಯಾಟರಿ ಮೈನಸ್‌ನಿಂದ ಆಲ್ಟರ್ನೇಟರ್ ಮೈಗೆ: 1.7 ವೋಲ್ಟ್. 0.2ರ ಒಳಗಿರಬೇಕಿತ್ತು.
3. ಬ್ಯಾಟರಿ ಮೈನಸ್‌ನಿಂದ ಬಾಡಿಯ ಬರಿ ಲೋಹಕ್ಕೆ: ಹೆಚ್ಚುಕಮ್ಮಿ ಸೊನ್ನೆ.

ಅಂದ್ರೆ ಕಳ್ಳ ಇದ್ದದ್ದು ಬಾಡಿಗೂ ಎಂಜಿನ್‌ಗೂ ನಡುವೆ. ಎಂಜಿನ್ ಕೂತಿರೋದು ರಬ್ಬರ್ ಮೇಲೆ. ಕರೆಂಟ್ ವಾಪಸ್ ಬರೋದು ಹೆಣೆದ ತಾಮ್ರದ ಅರ್ತಿಂಗ್ ಪಟ್ಟಿಯ ಮೂಲಕ. ನಮ್ಮ ಮಳೆಗೆ ಅದರ ಬೋಲ್ಟ್ ಕೆಳಗೆ ಹಸಿರು ಕಿಲುಬು ಹಿಡಿದಿತ್ತು. ಎಂಜಿನ್ ಅಲುಗಿದಂತೆ ಒಮ್ಮೆ ಹಿಡಿಯುತ್ತೆ, ಒಮ್ಮೆ ಬಿಡುತ್ತೆ.

ಹಾಗಾದ್ರೆ ದೀಪ ಯಾಕೆ ಸುಮ್ಮನಿತ್ತು? ಅದರ ಎರಡೂ ತುದಿ ಇರೋದು ಪ್ಲಸ್ ಕಡೆಗೆ. ಆಲ್ಟರ್ನೇಟರ್ ತನ್ನ ಮೈಯಿಂದ ಅಳೆದುಕೊಂಡು 14 ವೋಲ್ಟ್ ಕೊಡ್ತಾನೇ ಇತ್ತು. ಬ್ಯಾಟರಿಗೆ ತಲುಪ್ತಿದ್ದದ್ದು 12.3. ಬೆಂಚ್ ಮೇಲೆ ಪರೀಕ್ಷೆ ಮಾಡಿದವರಿಗೆ ಆಲ್ಟರ್ನೇಟರ್ ಸರಿಯಾಗೇ ಕಂಡಿತ್ತು, ಅವರ ತಪ್ಪಲ್ಲ.

ಬೋಲ್ಟ್ ಜಾಗವನ್ನ ಮರಳು ಕಾಗದದಲ್ಲಿ ಉಜ್ಜಿ, ಹೊಸ ಪಟ್ಟಿ ಬಿಗಿದು, ಮೇಲೆ ವ್ಯಾಸಲಿನ್ ಹಚ್ಚಿದೆ. ಎರಡನೇ ಅಳತೆ 0.05ಕ್ಕೆ ಇಳೀತು.

ನಿಮ್ಮ ಗಾಡಿಯಲ್ಲಿ ಮೊದಲು ಬೆಲ್ಟ್ ನೋಡಿ. ಹೆಬ್ಬೆರಳಲ್ಲಿ ಒತ್ತಿದ್ರೆ ಸುಮಾರು ಒಂದು ಸೆಂಟಿಮೀಟರ್ ಬಗ್ಗಬೇಕು. ಕೀ ತಿರುಗಿಸಿದಾಗ ಕೆಂಪು ದೀಪ ಹತ್ತದಿದ್ರೆ ಅದರ ಬಲ್ಬ್ ನೋಡಿ. ಎಷ್ಟೋ ಆಲ್ಟರ್ನೇಟರ್‌ಗಳಿಗೆ ಚಾಲನೆ ಸಿಗೋದೇ ಆ ಬಲ್ಬ್ ಮೂಲಕ. ಆಮೇಲೆ ಮೇಲಿನ ಮೂರು ಅಳತೆ. ಎರಡೂ ದಾರಿ ಸರಿ ಇದ್ದು ವೋಲ್ಟೇಜ್ ಬೀಳ್ತಿದ್ರೆ ಮಾತ್ರ ಕಾರ್ಬನ್ ಬ್ರಶ್, ರೆಗ್ಯುಲೇಟರ್ ಬಿಚ್ಚಿಸಿ. ಒಂದು ಎಚ್ಚರಿಕೆ: ಎಂಜಿನ್ ಓಡ್ತಿರುವಾಗ ಬ್ಯಾಟರಿ ಟರ್ಮಿನಲ್ ತೆಗೆದು ಪರೀಕ್ಷೆ ಮಾಡ್ಬೇಡಿ, ಯಾರೇ ಹೇಳಿದ್ರೂ. ಆಲ್ಟರ್ನೇಟರ್ ಡಯೋಡ್ ಸುಟ್ಟುಹೋಗುತ್ತೆ.

ಮೊನ್ನೆ ಮಳೆಯಲ್ಲೇ ಅಮ್ಮನ್ನ ಕೂರಿಸ್ಕೊಂಡು ವಾಶಿಗೆ ಹೋಗಿಬಂದೆ. ಮಾರೋ ಮಾತು ಎತ್ತಲಿಲ್ಲ.