ಕುರ್ಚಿ ಸರಿಸಿದರೆ ನೇರಳೆ

ಬಾಲ್ಕನಿಯ ದಾಸವಾಳಕ್ಕೆ ಬರುವ ಗಂಡು ಸೂರಕ್ಕಿ, ನನ್ನ ಕುರ್ಚಿ ಕೋಣೆಯೊಳಗಿದ್ದರೆ ಕಪ್ಪು. ಕುರ್ಚಿಯನ್ನು ಹೊರಗೆ ತಂದು ಕಟಾಂಜನಕ್ಕೆ ಬೆನ್ನು ಹಚ್ಚಿ ಕೂತರೆ ನೇರಳೆ. ಹಕ್ಕಿ ಅದೇ, ಹೂವು ಅದೇ, ಬೆಳಗಿನ ಎಂಟರ ಬಿಸಿಲೂ ಅದೇ. ಕ್ಯಾಮೆರಾದ ಒಂದು ಗುಂಡಿಯನ್ನೂ ಮುಟ್ಟಿಲ್ಲ. ಹೊಸ ಕ್ಯಾಮೆರಾದೊಡನೆ ನಾನು ಮಾಡಿದ ಮೊದಲ ಪ್ರಯೋಗ ಇದು. ಇದರಲ್ಲಿ ಕ್ಯಾಮೆರಾದ ಪಾಲು ಕಡಿಮೆ, ಕುರ್ಚಿಯದೇ ಹೆಚ್ಚು.

ಪುಣೆಯ ಕೋಥರೂಡಿನ ನಮ್ಮ ಬಾಲ್ಕನಿ ಪೂರ್ವಕ್ಕಿದೆ, ಕುಂಡ ಗೋಡೆಯ ಬದಿಗಿದೆ. ಒಳಗಿನಿಂದ ನೋಡುವವನಿಗೆ ಹಕ್ಕಿಯ ಹಿಂದೆ ಆಕಾಶ, ಹೊರಗೆ ಕೂತವನಿಗೆ ತನ್ನ ಬೆನ್ನ ಹಿಂದೆ ಸೂರ್ಯ. ಸೂರಕ್ಕಿಯ ಹೊಳಪು ಬಣ್ಣದ ಪುಡಿಯಿಂದ ಬಂದದ್ದಲ್ಲ. ಗರಿಯ ಎಳೆಗಳೊಳಗೆ ಮೆಲನಿನ್ ಕಣಗಳು ಕೆರಾಟಿನ್ ಜೊತೆ ಪದರಪದರವಾಗಿ ಕೂತಿರುತ್ತವೆ. ಆ ಪದರಗಳಿಂದ ಮರಳುವ ಬೆಳಕು ಒಂದಕ್ಕೊಂದು ಕೂಡಿಬರುವ ಕೋನದಲ್ಲಿ ನಾವಿದ್ದರೆ ನೇರಳೆ, ಒಮ್ಮೊಮ್ಮೆ ಹಸಿರು. ಕೋನ ತಪ್ಪಿತೋ, ಉಳಿಯುವುದು ಮೆಲನಿನ್‌ನ ಕಪ್ಪು. ಗರಿಗಳ ಈ ವಿಷಯ ಸಿ.ವಿ. ರಾಮನ್ ಅವರನ್ನೂ ಹಿಡಿದಿತ್ತು. ಬೆಂಗಳೂರಿನಲ್ಲಿ 1934ರಲ್ಲಿ ಅವರು ಕಟ್ಟಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯ ಮೊದಲ ಸಂಪುಟದಲ್ಲೇ ಹಕ್ಕಿಗಳ ಗರಿಯ ಬಣ್ಣದ ಮೂಲವನ್ನು ಕುರಿತು ಅವರ ಲೇಖನವಿದೆ. ಅವರು ಪರೀಕ್ಷೆಗೆ ಎತ್ತಿಕೊಂಡದ್ದು ನೀಲಕಂಠದ ಗರಿ, ಅಂದರೆ ಇಂದಿನ ಕರ್ನಾಟಕದ ರಾಜ್ಯಪಕ್ಷಿಯದು. ಧಾರವಾಡದ ಹೊಲಗಳ ತಂತಿಯ ಮೇಲೆ ಮಂಕಾಗಿ ಕೂತು, ಹಾರಿದಾಗ ಮಾತ್ರ ರೆಕ್ಕೆಯ ನೀಲಿ ತೋರುತ್ತಿದ್ದ ಆ ಹಕ್ಕಿಯನ್ನು ಬಾಲ್ಯದಿಂದ ಬಲ್ಲೆ. ಅದರ ನೀಲಿಯ ಹಿಂದೆ ಇಷ್ಟು ಭೌತಶಾಸ್ತ್ರವಿದೆ ಎಂದು ಆಗ ಯಾರು ಹೇಳಬೇಕಿತ್ತು?

ದಾಸವಾಳದ ಚಿತ್ರಗಳನ್ನು ದೊಡ್ಡದು ಮಾಡಿ ನೋಡುವಾಗ ಇನ್ನೊಂದು ಸಿಕ್ಕಿತು. ಸೂರಕ್ಕಿ ಹೂವಿನ ಬಾಯಿಯ ಕಡೆಗೆ ಹೋಗುವುದೇ ಇಲ್ಲ. ಪಕ್ಕದ ತೊಟ್ಟಿಗೆ ಜೋತುಬಿದ್ದು ಹೂವಿನ ಬುಡಕ್ಕೆ ಕೊಕ್ಕು ಚುಚ್ಚಿ ಮಕರಂದ ಹೀರುತ್ತದೆ. ಪರಾಗ ಅದರ ಮೈಗೆ ಅಂಟುವುದಿಲ್ಲ. ಹೂವಿಗೆ ಏನೂ ಲಾಭವಿಲ್ಲ. ಬುಡದಲ್ಲಿ ಸಣ್ಣ ಸೀಳು ಉಳಿಯುತ್ತದೆ, ಅದೇ ಸೀಳಿಗೆ ಆಮೇಲೆ ಇರುವೆಗಳು ಬರುತ್ತವೆ. ಬರಿಗಣ್ಣಿಗೆ ಇದು ಕಾಣದ್ದೇನಲ್ಲ. ಆದರೆ ಬರಿಗಣ್ಣು ಹಕ್ಕಿಯ ಹಿಂದೆಯೇ ಓಡುತ್ತದೆ, ಹೂವಿನ ಬುಡದಲ್ಲಿ ನಿಲ್ಲುವುದಿಲ್ಲ.

ಈ ಕ್ಯಾಮೆರಾ ಕನ್ನಡಿ ಇಲ್ಲದ ಜಾತಿಯದು. ಸದ್ದಿಲ್ಲದೆ ಚಿತ್ರ ತೆಗೆಯಬಲ್ಲದು. ಟಕ್ ಎನ್ನುವ ಯಾಂತ್ರಿಕ ಶಟರ್ ಹಾಕಿದರೆ ಸೂರಕ್ಕಿ ಪ್ರತಿ ಸಲ ಕತ್ತು ಹೊರಳಿಸಿ ನೋಡುತ್ತದೆ. ಎಲೆಕ್ಟ್ರಾನಿಕ್ ಶಟರಿಗೆ ಬದಲಿಸಿದರೆ ತಿನ್ನುವುದನ್ನು ನಿಲ್ಲಿಸುವುದಿಲ್ಲ. ಹಾಗಾದರೆ ಯಾವಾಗಲೂ ಸದ್ದಿಲ್ಲದ್ದೇ ಇರಲಿ ಎನ್ನುವಂತಿಲ್ಲ. ಹಜಾರದ ಫ್ಯಾನನ್ನು ಜೋರಾಗಿ ಬಿಟ್ಟು ಅದೇ ಶಟರಿನಲ್ಲಿ ತೆಗೆದೆ: ಮೂರು ರೆಕ್ಕೆಗಳೂ ಬಾಳೆಕಾಯಿಯ ಹಾಗೆ ಬಾಗಿದ್ದವು. ಸಂವೇದಕ ಚಿತ್ರವನ್ನು ಒಂದೇ ಏಟಿಗೆ ಓದುವುದಿಲ್ಲ, ಮೇಲಿನಿಂದ ಕೆಳಗೆ ಸಾಲುಸಾಲಾಗಿ ಓದುತ್ತದೆ. ಕೊನೆಯ ಸಾಲು ಮುಟ್ಟುವಷ್ಟರಲ್ಲಿ ರೆಕ್ಕೆ ಮುಂದೆ ಸರಿದಿರುತ್ತದೆ. ಹಾರುವ ಹಕ್ಕಿಗೂ ಇದೇ ಗತಿ. ಇಲ್ಲದ ಬಾಗು ರೆಕ್ಕೆಗೆ ಬರುತ್ತದೆ. ಹಾಗಾಗಿ ಕೂತ ಹಕ್ಕಿಗೆ ಮೌನ, ಹಾರುವ ಹಕ್ಕಿಗೆ ಟಕ್ ಎಂದು ನನ್ನೊಳಗೆ ಗೊತ್ತುಮಾಡಿಕೊಂಡಿದ್ದೇನೆ.

ಹಾರುವ ಹಕ್ಕಿಯ ಪಾಠ ಕಳ್ಳಿಪೀರದಿಂದ. ನಮ್ಮ ಓಣಿಯ ತುದಿಯ ಕೇಬಲ್ಲಿನ ಮೇಲೆ ಚಳಿಗಾಲದ ಬೆಳಿಗ್ಗೆ ಅವು ಒಂದಕ್ಕೊಂದು ಆತು ಕೂರುತ್ತವೆ. ಬಿಸಿಲು ಏರಿ ಹುಳುಗಳು ಹಾರತೊಡಗಿದ ಮೇಲೆ ಬೇಟೆ. ಹಾರಿದ ಹಕ್ಕಿಯನ್ನು ಲೆನ್ಸಿನಲ್ಲಿ ಹಿಂಬಾಲಿಸುವುದು ದಂಡ. ಆದರೆ ಕಳ್ಳಿಪೀರ ಬೇಟೆ ಮುಗಿಸಿ ಹೆಚ್ಚಾಗಿ ಹೊರಟ ಜಾಗಕ್ಕೇ ಮರಳುತ್ತದೆ. ಹಾಗಾಗಿ ಹಕ್ಕಿಯನ್ನು ಬಿಟ್ಟು ತಂತಿಯ ಆ ಗೇಣುದ್ದಕ್ಕೆ ಫೋಕಸ್ ಕಟ್ಟಿ, ಶಟರ್ ವೇಗ ಸೆಕೆಂಡಿನ 2000ದಲ್ಲಿ ಒಂದು ಪಾಲಿಗೆ ಇಟ್ಟು ಕಾಯಬೇಕು. ಬಂದು ಕೂತ ಮೇಲೆ ಹಿಡಿದ ಜೇನನ್ನು ತಂತಿಗೆ ಬಡಿದು, ಉಜ್ಜಿ, ಕೊಂಡಿಯ ವಿಷ ತೆಗೆದು ನುಂಗುತ್ತದೆ. ಹೊರಡುವ ಮೊದಲು ಅದರ ತಲೆ ಹುಳುವಿನ ದಾರಿಯನ್ನು ಗೀರಿದಂತೆ ತಿರುಗುತ್ತದೆ. ಈ ತಿರುಗುವಿಕೆ ಕಣ್ಣಿಗೆ ಅಭ್ಯಾಸವಾದರೆ ಬೆರಳು ತಾನಾಗಿ ಸಿದ್ಧವಾಗುತ್ತದೆ.

ಇದಕ್ಕೂ ಕ್ಯಾಮೆರಾದಲ್ಲಿ ಒಂದು ಉಪಾಯ ಕೊಟ್ಟಿದ್ದಾರೆ, ಪ್ರೀ-ಕ್ಯಾಪ್ಚರ್ ಅಂತ. ಗುಂಡಿಯನ್ನು ಅರ್ಧ ಒತ್ತಿ ಹಿಡಿದಿದ್ದರೆ ಅದು ಒಳಗೊಳಗೇ ಚಿತ್ರ ತುಂಬಿಕೊಳ್ಳುತ್ತಿರುತ್ತದೆ. ಹಕ್ಕಿ ಹಾರಿಹೋದ ಮೇಲೆ ಪೂರ್ತಿ ಒತ್ತಿದರೂ ಹಾರುವ ಮೊದಲಿನ ಗಳಿಗೆಗಳು ಸಿಗುತ್ತವೆ. ಚಿತ್ರಗಳು ಚೆನ್ನಾಗಿಯೇ ಬರುತ್ತವೆ. ಆದರೂ ನಾನು ಅದನ್ನು ಆಫ್ ಮಾಡಿಟ್ಟಿದ್ದೇನೆ. ಹಕ್ಕಿ ಹಾರುವ ಮುನ್ನ ಏನು ಮಾಡುತ್ತದೆ ಎಂಬುದನ್ನು ಕ್ಯಾಮೆರಾವೇ ತಿಳಿದುಕೊಂಡರೆ ನಾನು ತಿಳಿಯುವುದು ಯಾವಾಗ? ಶಟರ್ ಎಷ್ಟು ಬೇಗ ಇರಲಿ, ಫೋಕಸ್ ಎಲ್ಲಿರಲಿ, ಬೆಳಕು ಯಾವ ಕಡೆಯಿಂದ ಎಂದು ಈ ಯಂತ್ರ ಕೇಳುವ ಪ್ರಶ್ನೆಗಳೆಲ್ಲ ಹಕ್ಕಿಯ ಬಗೆಗಿನ ಪ್ರಶ್ನೆಗಳೇ. ಉತ್ತರ ಹುಡುಕುವ ಕೆಲಸವನ್ನು ಅದಕ್ಕೇ ವಹಿಸಿದರೆ ಕೈಯಲ್ಲಿ ಉಳಿಯುವುದು ಫೋಟೊ ಮಾತ್ರ. ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುವ ಸೌಲಭ್ಯವನ್ನು ಮಾತ್ರ ಇಟ್ಟುಕೊಂಡಿದ್ದೇನೆ, ವಯಸ್ಸಾದ ನನ್ನ ಕಣ್ಣಿಗೆ ಅದು ಬೇಕು. ಅದೂ ಗ್ಲಿರಿಸಿಡಿಯಾದ ಪೊದೆಯಲ್ಲಿ ಎಲೆಯ ಚುಕ್ಕೆಯನ್ನೇ ಹಕ್ಕಿಯ ಕಣ್ಣು ಎಂದುಕೊಂಡು ಖುಷಿಪಡುತ್ತದೆ.

ನನ್ನ ಕ್ಯಾಮೆರಾ ಸೆಕೆಂಡಿಗೆ 20 ಚಿತ್ರ ತೆಗೆಯುತ್ತದೆ. ಹಳೆಯ ಫಿಲ್ಮ್ ರೋಲಿನಲ್ಲಿ ಇದ್ದದ್ದು 36. ಈ ಲೆಕ್ಕದಲ್ಲಿ ಎರಡು ಸೆಕೆಂಡು ತುಂಬುವ ಮೊದಲೇ ರೋಲು ಖಾಲಿ. ಬೆಂಗಳೂರಿನ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಅವರಂಥವರು ಆ 36ರೊಳಗೆ, ಮರೆ ಕಟ್ಟಿಕೊಂಡು, ಕ್ಲಿಕ್ಕಿಸಿದ್ದು ಬಂತೋ ಇಲ್ಲವೋ ಎಂದು ಆ ಗಳಿಗೆಯಲ್ಲಿ ತಿಳಿಯದೆ ಕೆಲಸ ಮಾಡಿದವರು. ಸಂಡೂರಿನ ಎಂ.ವೈ. ಘೋರ್ಪಡೆ ರಾಜಕಾರಣದ ನಡುವೆ ಬಿಡುವು ಮಾಡಿಕೊಂಡು ಕಪ್ಪು-ಬಿಳುಪಿನಲ್ಲಿ ಕಾಡನ್ನು ಹಿಡಿದರು. ಅದೇ ಸಂಡೂರು ಸಂಸ್ಥಾನದಲ್ಲಿ 1940ರ ದಶಕದಲ್ಲಿ ನೌಕರಿ ಮಾಡಿದ ಎಂ. ಕೃಷ್ಣನ್ ಕ್ಯಾಮೆರಾವನ್ನೇ ಬೇರೆಬೇರೆ ಭಾಗ ಸೇರಿಸಿ ಕಟ್ಟಿಕೊಂಡಿದ್ದರು. ಅದಕ್ಕೆ ಸೂಪರ್ ಪಾಂಡೆರೋಸಾ ಎಂದು ಹೆಸರು. ಅವರ ಚಿತ್ರಗಳಲ್ಲಿ ಬಣ್ಣದ ಬೆಡಗಿಲ್ಲ. ಆದರೆ ಆನೆ ಕಿವಿಯನ್ನು ಹಾಗೆ ಯಾಕೆ ಹಿಡಿದಿದೆ ಎಂದು ಬಲ್ಲವನು ತೆಗೆದದ್ದೆಂದು ತಿಳಿಯುತ್ತದೆ.

ಮನೆಯಿಂದ ಪೌಡ್ ರಸ್ತೆ ದಾಟಿ ಕಿಷ್ಕಿಂಧಾನಗರದ ಕಡೆಯಿಂದ ಹತ್ತಿದರೆ ವೇತಾಳ ಟೇಕಡಿ ಎಂಬ ಗುಡ್ಡ. ತುದಿ ಸಮುದ್ರಮಟ್ಟದಿಂದ ಸುಮಾರು 800 ಮೀಟರ್. ಕಾಲ ಕೆಳಗಿನ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಕಪ್ಪನ್ನು ಕಪ್ಪಾಗಿ ತೋರಿಸುವುದು ಕ್ಯಾಮೆರಾಕ್ಕೆ ಎಷ್ಟು ಕಷ್ಟ ಎಂದು ಇಲ್ಲಿ ಕಲಿತೆ. ಅದರ ಬೆಳಕಿನ ಅಳತೆ ಲೋಕವೆಲ್ಲ ಸರಾಸರಿ ಬೂದು ಎಂದೇ ನಂಬುತ್ತದೆ. ಕರಿಕಲ್ಲನ್ನು ತೋರಿಸಿದರೆ ಬೆಳಗಿಸಿ ಬೂದು ಮಾಡುತ್ತದೆ. ಮ್ಹಾತ್ರೆ ಸೇತುವೆಯ ಕೆಳಗೆ ಮುಠಾ ನದಿಯಲ್ಲಿ ನಿಂತ ಬೆಳ್ಳಕ್ಕಿಯನ್ನು ತೋರಿಸಿದರೆ ಕಂದಿಸಿ ಅದನ್ನೂ ಬೂದು ಮಾಡುತ್ತದೆ. ಕಲ್ಲಿಗೆ ಬೆಳಕನ್ನು ಒಂದು ಸ್ಟಾಪ್ ಇಳಿಸಬೇಕು, ಚೌಕಟ್ಟಿನ ತುಂಬ ಬಿಳಿಯೇ ಇದ್ದರೆ ಒಂದು ಸ್ಟಾಪ್ ಏರಿಸಬೇಕು. ಹದ್ದಿನ ವಿಷಯದಲ್ಲಿ ಟೇಕಡಿಯೇ ನೆರವಿಗೆ ಬರುತ್ತದೆ. ಓಣಿಯಿಂದ ಕತ್ತೆತ್ತಿದರೆ ಬಿಳಿ ಆಕಾಶದ ಮೇಲೆ ಅದೊಂದು ಕರಿ ಆಕಾರ, ಅಷ್ಟೇ. ತುದಿಯ ಅಂಚಿನಲ್ಲಿ ನಿಂತರೆ ಹದ್ದು ನಮಗಿಂತ ಕೆಳಗೆ ತೇಲುತ್ತದೆ. ಆಗ ಅದರ ಬೆನ್ನು ಕಾಣುತ್ತದೆ: ಕಂದಿನ ಮೇಲೆ ಒಣಹುಲ್ಲಿನ ಬಣ್ಣದ ಪಟ್ಟಿ, ಗಾಳಿಗೆ ತಕ್ಕಂತೆ ಚುಕ್ಕಾಣಿಯ ಕೆಲಸ ಮಾಡುವ ಕವಲುಬಾಲ, ಹಿನ್ನೆಲೆಗೆ ನಮ್ಮವೇ ತಾರಸಿಗಳು.

ಬೇಸಿಗೆಯಲ್ಲಿ ಹಕ್ಕಿಗಳನ್ನು ಬಿಟ್ಟು ಗುಲ್‌ಮೊಹರಿಗೆ ಹೋದೆ. ಪುಣೆಯ ಅಕ್ಷಾಂಶ ಸುಮಾರು 18.5 ಡಿಗ್ರಿ. ಮೇ ತಿಂಗಳ ನಡುವೆ, 13-14ರ ಸುಮಾರಿಗೆ, ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ ಬಂದು ವಿದ್ಯುತ್ ಕಂಬದ ನೆರಳು ಅದರ ಬುಡದಲ್ಲೇ ಮಾಯವಾಗುತ್ತದೆ. ಜುಲೈ ಕೊನೆಗೆ ಮತ್ತೊಮ್ಮೆ ಹೀಗಾಗುತ್ತದೆ, ಆಗ ಮೋಡ. ಫೋಟೊ ತೆಗೆಯುವವರು ಈ ಬಿಸಿಲಿಗೆ ಹೆದರುತ್ತಾರೆ. ಗುಲ್‌ಮೊಹರ್ ಅರಳುವುದು ಇದೇ ಬಿಸಿಲಿನಲ್ಲಿ. ಅದರ ಕೆಂಪು ಚಿತ್ರದಲ್ಲಿ ರಂಗಿನ ಮುದ್ದೆಯಾಗಿ ಬರುತ್ತದೆ, ದಳದ ನರವೊಂದೂ ಕಾಣುವುದಿಲ್ಲ. ಸಂವೇದಕ ಕೆಂಪು, ಹಸಿರು, ನೀಲಿಯನ್ನು ಬೇರೆಬೇರೆ ಅಳೆಯುತ್ತದೆ. ಇಲ್ಲಿ ಕೆಂಪು ತುಂಬಿ ಚೆಲ್ಲುತ್ತಿರುವಾಗ ಮಿಕ್ಕೆರಡು ಅರ್ಧವೂ ಆಗಿರುವುದಿಲ್ಲ. ಒಟ್ಟು ಬೆಳಕನ್ನು ನೋಡುವ ಅಳತೆಗೆ ಅದು ಗೊತ್ತಾಗುವುದಿಲ್ಲ. ಮೂರೂ ಬಣ್ಣದ ಹಿಸ್ಟೊಗ್ರಾಮನ್ನು, ಅಂದರೆ ಬೆಳಕಿನ ಹಂಚಿಕೆಯ ನಕ್ಷೆಯನ್ನು, ಬೇರೆಯಾಗಿ ತೆರೆದಿಟ್ಟು, ಕೆಂಪಿನ ಗುಡ್ಡ ಬಲಗಡೆಯ ಗೋಡೆಗೆ ತಾಗದಂತಾಗುವವರೆಗೆ ಬೆಳಕು ಇಳಿಸುತ್ತ ಹೋದೆ. ಆಗ ನರಗಳು ಬಂದವು. ಜೊತೆಗೆ ಐದನೆಯ ದಳವೂ ಸ್ಪಷ್ಟವಾಯಿತು: ನಾಲ್ಕು ದಳ ಪೂರ್ತಿ ಕೆಂಪು, ನಿಮಿರಿ ನಿಂತ ಒಂದಕ್ಕೆ ಮಾತ್ರ ಬಿಳಿ-ಹಳದಿಯ ಮೇಲೆ ಕೆಂಪು ಗೀರು. ಮಡಗಾಸ್ಕರಿನಿಂದ ಬಂದ ಈ ಮರದ ಕೆಳಗೆ ಎಷ್ಟೋ ವರ್ಷದಿಂದ ಓಡಾಡುತ್ತೇನೆ. ಬಿದ್ದ ಹೂವನ್ನು ಎತ್ತಿ ನೋಡುವ ಬುದ್ಧಿ ಈಗ ಬಂತು.

ಮಳೆ ನಿಂತು ಟೇಕಡಿ ಒಣಗಿದ ಮೇಲೆ ಹುಲ್ಲಿನ ಸರದಿ. ಹೆಟೆರೊಪೋಗನ್ ಎಂಬ ಹುಲ್ಲಿನ ಬೀಜಕ್ಕೆ ಮುಂದೆ ಸೂಜಿಮೊನೆ, ಮೊನೆಯಲ್ಲಿ ಹಿಮ್ಮುಖ ಕೂದಲು, ಹಿಂದೆ ಉದ್ದನೆಯ ಹುರಿಗೊಂಡ ಬಾಲ. ಕಾಲುಚೀಲಕ್ಕೆ ಹೊಕ್ಕರೆ ಒಳಕ್ಕೇ ಹೋಗುತ್ತದೆ, ಹೊರಕ್ಕೆ ಬರುವುದಿಲ್ಲ. ಕುರಿಗಳ ಚರ್ಮವನ್ನೂ ಬಿಡುವುದಿಲ್ಲ. ಒದ್ದೆಯಾದಾಗ ಬಾಲದ ಹುರಿ ಬಿಚ್ಚುತ್ತದೆ, ಒಣಗಿದಾಗ ಮತ್ತೆ ಸುತ್ತುತ್ತದೆ. ಈ ತಿರುಗಾಟದಿಂದಲೇ ಬೀಜ ನೆಲ ಕೊರೆದು ಇಳಿಯುತ್ತದೆ. ಇಂಥದೇ ಇನ್ನೊಂದು ಹುಲ್ಲಿನ ಬೀಜ ತನ್ನನ್ನು ತಾನೇ ಹೂತುಕೊಳ್ಳುವ ಬಗೆಯನ್ನು ಚಾರ್ಲ್ಸ್ ಡಾರ್ವಿನ್ನರ ಮಗ ಫ್ರಾನ್ಸಿಸ್ 1876ರಲ್ಲೇ ಬರೆದಿದ್ದರು. ನನ್ನ ಆಸೆ ಅದನ್ನು ಕಣ್ಣಾರೆ ನೋಡುವುದು. ಲೆನ್ಸನ್ನು ತಿರುಗುಮುರುಗಾಗಿ ಕೂಡಿಸುವ ಅಗ್ಗದ ಬಳೆಯೊಂದನ್ನು ತಂದೆ. ಹಾಗೆ ಕೂಡಿಸಿದ ಲೆನ್ಸು ಸಣ್ಣದನ್ನು ದೊಡ್ಡದಾಗಿ ತೋರಿಸುತ್ತದೆ, ಆದರೆ ಸ್ಪಷ್ಟವಾಗಿ ಕಾಣುವ ಆಳ ಒಂದು ಮಿಲಿಮೀಟರಿನ ಆಚೀಚೆ. ಉಸಿರು ಬಿಟ್ಟರೂ ಫೋಕಸ್ ಹೋಗುತ್ತದೆ.

ಗಾಳಿಯಲ್ಲಿ ಗುಡ್ಡದ ಮೇಲೆ ಇದು ಆಗದು. ಆದರೂ ಒಂದು ಬೆಳಿಗ್ಗೆ ಹುಲ್ಲಿನಲ್ಲಿ ಮೊಣಕಾಲೂರಿ ಕೂತಿದ್ದಾಗ ವಾಕಿಂಗಿಗೆ ಬಂದ ಹುಡುಗನೊಬ್ಬ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದ: "ಕಾಕಾ, ಬಿಬಟ್ಯಾ ದಿಸಲಾ ಕಾ?" ಚಿರತೆ ಕಂಡಿತೇ ಅಂತ. ಪರದೆಯಲ್ಲಿ ಬೀಜ ತೋರಿಸಿದೆ. ಪಾಪ, ಸೌಜನ್ಯಕ್ಕೆ "ಛಾನ್" ಎಂದು ಹೋದ.

ಕೊನೆಗೆ ಪ್ರಯೋಗ ನಡೆದದ್ದು ಅಡುಗೆಮನೆಯ ಕಟ್ಟೆಯ ಮೇಲೆ. ಬೀಜವನ್ನು ಸಾಬೂನಿನ ತುಂಡಿಗೆ ಚುಚ್ಚಿ ನಿಲ್ಲಿಸಿ, ಬಾಲಕ್ಕೆ ಒಂದು ಹನಿ ನೀರು ಬಿಟ್ಟು, ಸೆಕೆಂಡಿಗೊಂದು ಚಿತ್ರ ತೆಗೆಯುವಂತೆ ಕ್ಯಾಮೆರಾಕ್ಕೆ ಹೇಳಿ ಸುಮ್ಮನೆ ನಿಂತೆ. ಚಿತ್ರಗಳನ್ನು ಬೇಗಬೇಗ ಓಡಿಸಿದರೆ ಬಾಲದ ಬಾಗಿದ ತುದಿ ಗಡಿಯಾರದ ಮುಳ್ಳು ಹುಚ್ಚು ಹಿಡಿದಂತೆ ಸುತ್ತುತ್ತದೆ, ಮೊದಲು ಜೋರಾಗಿ, ಹುರಿ ಬಿಚ್ಚಿದಂತೆ ನಿಧಾನವಾಗಿ. ಒಣಗುವಾಗ ತಿರುಗುವ ದಿಕ್ಕು ಹಿಂದುಮುಂದು. ಬಿಸಿನೀರಿಗೆ ವೇಗ ಹೆಚ್ಚೋ ಎಂದು ನೋಡಲು ಪಕ್ಕದಲ್ಲಿದ್ದ ಬಟ್ಟಲು ಎತ್ತಿಕೊಂಡೆ.

"ಅದು ಮೊಸರಿನ ವಾಟಗಾ ಐತ್ರಿ, ಇಡ್ರಿ ಕೆಳಗ," ಎಂದಳು ಹೆಂಡತಿ. "ಹುಲ್ಲಿಗೆ ಬೇಕಾದ್ರ ಆ ಒಡಕು ಕಪ್ ತಗೋರಿ."