ಗಾಡಿ ಓಡಿಸಿದ್ದು ಯಾರು?

‘ಸಾಹೇಬ್, ಗಾಡಿ ತುಮ್ಹೀಚ್ ಚಾಲವತ್ ಹೋತಾ ನಾ?’

ಗಾಡಿ ನೀವೇ ಓಡಿಸ್ತಾ ಇದ್ರಿ ತಾನೇ, ಎಂದು ವರ್ಕ್‌ಶಾಪಿನ ಸರ್ವಿಸ್ ಅಡ್ವೈಸರ್ ಕೇಳಿದ. ಕೇಳಿದ ಎನ್ನುವುದಕ್ಕಿಂತ ಹೇಳಿಕೊಟ್ಟ ಎನ್ನುವುದೇ ಸರಿ. ಅವನ ಕೈಯಲ್ಲಿ ಅಪ್ಪನ ಡ್ರೈವಿಂಗ್ ಲೈಸೆನ್ಸ್ ಇತ್ತು. ಹೆಬ್ಬೆರಳು ಅದರ ಕೊನೆಯ ದಿನಾಂಕದ ಕೆಳಗೇ ಇತ್ತು. ಅಪಘಾತ ಆದದ್ದು ಲೈಸೆನ್ಸ್ ಅವಧಿ ಮುಗಿದ 23ನೇ ದಿನ. ಕ್ಲೇಮ್ ಫಾರ್ಮ್ ಇನ್ನೂ ಖಾಲಿ. ‘ನಿಮ್ಮ ಲೈಸೆನ್ಸ್ ಕೊಡಿ ಸಾಹೇಬ್, ಮಿಕ್ಕಿದ್ದು ನಾನು ನೋಡ್ಕೋತೀನಿ’ ಎಂದು ನಕ್ಕ. ಇಂಥ ಫಾರ್ಮ್‌ಗಳನ್ನು ದಿನವೂ ತುಂಬಿಸುವವನ ನಗು ಅದು.

‘ನಾಳೆ ಕೊಡ್ತೀನಿ’ ಎಂದು ಫಾರ್ಮ್ ಮಡಚಿ ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿಕೊಂಡು ಬಂದೆ. ಆ ಒಂದು ರಾತ್ರಿಯ ಬೆಲೆ ಒಂದೂಕಾಲು ಲಕ್ಷ ರೂಪಾಯಿ.

ನಾವು ಪುಣೆಗೆ ಬಂದು ಆಗ ಎಂಟು ತಿಂಗಳಾಗಿತ್ತು. ಹಿಂಜವಡಿಯಲ್ಲಿ ಕೆಲಸ, ವಾರ್ಜೆಯಲ್ಲಿ ಮನೆ. ಕಾರು ಬೆಂಗಳೂರಿನಲ್ಲಿದ್ದಾಗ ಕೊಂಡದ್ದು, ನಂಬರ್ ಪ್ಲೇಟ್ ಇನ್ನೂ ಕೆಎ. 2024ರ ಫೆಬ್ರುವರಿಯಲ್ಲಿ ಅಪ್ಪ ಅವ್ವ ರಾಣೆಬೆನ್ನೂರಿನಿಂದ ಬಂದಿದ್ದರು. ಅಪ್ಪ ಹೆಸ್ಕಾಂನಲ್ಲಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದವರು. ಜೀಪು ಓಡಿಸಿ ರೂಢಿ, ಈಗ ವಯಸ್ಸು 68. ಪುಣೆಯಲ್ಲಿ ಅವರಿಗೆ ಹಿಡಿಸಿದ್ದು ಒಂದೇ: ನಮ್ಮ ಬಾಲ್ಕನಿಯಿಂದ ಕಾಣುವ ಹೆದ್ದಾರಿ. ಅದೇ 48ನೇ ನಂಬರಿನ ರಸ್ತೆ ರಾಣೆಬೆನ್ನೂರನ್ನೂ ಹಾಯ್ದು ಹೋಗುತ್ತದೆ. ‘ಹಿಂಗ ಸೀದಾ ಹೊಂಟ್ರ ನಮ್ಮ ಊರ’ ಎಂದು ದಿನಕ್ಕೊಮ್ಮೆಯಾದರೂ ಅವ್ವನಿಗೆ ತೋರಿಸುವರು.

ಆ ಭಾನುವಾರ ಬೆಳಿಗ್ಗೆ ನನಗೆ ಆಫೀಸಿನ ರಿಲೀಸ್ ಇತ್ತು. ಆರು ಗಂಟೆಯಿಂದ ಹೆಡ್‌ಫೋನ್ ಹಾಕಿಕೊಂಡು ಕಾಲ್‌ನಲ್ಲಿ ಕೂತಿದ್ದೆ. ಅಪ್ಪ ತರಕಾರಿಗೆಂದು ಕಾರು ತೆಗೆದುಕೊಂಡು ಹೋದರು. ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ರಾಂಗ್ ಸೈಡ್‌ನಲ್ಲಿ ಒಂದು ಸ್ಕೂಟರ್ ಬಂತು. ಪುಣೆಯಲ್ಲಿ ಸರ್ವಿಸ್ ರಸ್ತೆಗೆ ರಾಂಗ್ ಸೈಡ್ ಅನ್ನುವುದೇ ಇಲ್ಲ, ಎರಡೂ ರೈಟ್ ಸೈಡೇ. ಅಪ್ಪ ಎಡಕ್ಕೆ ಎಳೆದರು. ಕಾರು ಕಾಂಕ್ರೀಟ್ ತಡೆಗೋಡೆಗೆ ಬಡಿಯಿತು. ಸ್ಕೂಟರಿನವನಿಗೆ ಒಂದು ಗೀರೂ ಇಲ್ಲ. ಬಿಟ್ಟ ಕಣ್ಣು ಬಿಟ್ಟಂತೆ ನೋಡಿ ಹೊರಟುಹೋದನಂತೆ. ಅಪ್ಪನ ಬಲಗೈ ಮಣಿಕಟ್ಟು ಉಳುಕಿತ್ತು. ಕಾರಿನ ಬಂಪರ್, ಎಡಗಡೆ ಹೆಡ್‌ಲೈಟ್, ಫೆಂಡರ್, ಬಾನೆಟ್, ರೇಡಿಯೇಟರ್ ಎಲ್ಲಾ ಹೋಗಿದ್ದವು.

ಮಾಡಬೇಕಾದದ್ದನ್ನೆಲ್ಲ ನಾನು ಸರಿಯಾಗಿಯೇ ಮಾಡಿದೆ. ಕಾರು ಅಲುಗಿಸುವ ಮೊದಲು ನಾಲ್ಕೂ ಕಡೆಯಿಂದ ಫೋಟೊ, ತಡೆಗೋಡೆಯ ಫೋಟೊ, ಅರ್ಧ ಗಂಟೆಯೊಳಗೆ ಆ್ಯಪ್‌ನಲ್ಲಿ ಕಂಪನಿಗೆ ಸುದ್ದಿ, ಟೋಯಿಂಗ್. ಆ್ಯಪ್ ಕೇಳಿದ್ದು ದಿನ, ಜಾಗ, ಪೆಟ್ಟು ಎಲ್ಲಿ ಎಂದಷ್ಟೇ. ಪಾಲಿಸಿಯೂ ಜೋರಾಗಿಯೇ ಇತ್ತು. ಮಾಮೂಲಿ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧದಷ್ಟು ಸವಕಳಿ ಕಳೆಯುತ್ತಾರೆ. ಲೋಹದ ಭಾಗಗಳಿಗೆ ಕಾರಿನ ವಯಸ್ಸು ನೋಡಿ ಕಳೆಯುತ್ತಾರೆ. ನನ್ನ ಕಾರಿನಂತೆ ಮೂರು ದಾಟಿ ನಾಲ್ಕು ತುಂಬದಿದ್ದರೆ ನೂರಕ್ಕೆ 25. ಅದೆಲ್ಲ ಬೇಡವೆಂದು ಹೆಚ್ಚು ದುಡ್ಡು ಕೊಟ್ಟು ಝೀರೋ ಡೆಪ್ ಹಾಕಿಸಿದ್ದೆ. ವರ್ಕ್‌ಶಾಪಿನ ಅಂದಾಜು 1,26,400 ರೂಪಾಯಿ. 1500 ಸಿಸಿ ಒಳಗಿನ ಕಾರಿಗೆ ಕಡ್ಡಾಯವಾಗಿ ನಾವೇ ಹಾಕಬೇಕಾದ 1000 ರೂಪಾಯಿ, ಜೊತೆಗೆ ಸಣ್ಣಪುಟ್ಟದ್ದು ಬಿಟ್ಟರೆ ಮಿಕ್ಕಿದ್ದೆಲ್ಲ ಕಂಪನಿಯದ್ದೇ. ಪಾಲಿಸಿ ಕೊಳ್ಳುವಾಗ ಮೂರು ಸಂಜೆ ಕೂತು ಐದು ಕಂಪನಿಗಳನ್ನು ಎಕ್ಸೆಲ್‌ನಲ್ಲಿ ಹೋಲಿಸಿದ್ದೆ. ಅದರಲ್ಲಿ ‘ಯಾರ್‍ಯಾರು ಓಡಿಸುತ್ತಾರೆ, ಅವರ ಲೈಸೆನ್ಸ್ ಯಾವಾಗ ಮುಗಿಯುತ್ತದೆ’ ಎಂಬ ಕಾಲಂ ಇರಲಿಲ್ಲ.

ಆ ಸಂಜೆ ಮನೆಗೆ ಬಂದು ಅಪ್ಪನಿಗೆ ದಿನಾಂಕದ ವಿಷಯ ಹೇಳಿದಾಗ ಅವರು ಗಾಬರಿಯಾಗಲೇ ಇಲ್ಲ. ‘ಮೂವತ್ತ ದಿನ ಟೈಮ್ ಇರತೈತಲ್ಲೋ. ಹೋದ ಸಲಾನೂ ಇಪ್ಪತ್ತ ದಿನ ತಡಾ ಮಾಡೇ ರಿನ್ಯೂ ಮಾಡಿಸಿದ್ದೆ. ಊರಿಗೆ ಹೋದ ಮ್ಯಾಲೆ ಮಾಡಿಸಿದ್ರಾತು ಅಂದ್ಕೊಂಡಿದ್ದೆ’ ಎಂದರು.

ಅವರು ಹೇಳಿದ್ದು ತಪ್ಪಲ್ಲ, ಹಳೆಯದು. 1988ರ ಮೋಟಾರು ವಾಹನ ಕಾಯ್ದೆಯ 14ನೇ ಕಲಂನಲ್ಲಿ ಹಾಗೆಯೇ ಇತ್ತು: ಅವಧಿ ಮುಗಿದರೂ ಇನ್ನು ಮೂವತ್ತು ದಿನ ಲೈಸೆನ್ಸ್ ಜೀವಂತ. 2019ರ ತಿದ್ದುಪಡಿ ಆ ಸಾಲನ್ನು ತೆಗೆದುಹಾಕಿತು. ಬದಲಿಗೆ ಅವಧಿ ಮುಗಿಯುವ ಒಂದು ವರ್ಷ ಮೊದಲೇ ನವೀಕರಿಸಿಕೊಳ್ಳಬಹುದು, ಮುಗಿದ ಮೇಲೂ ಒಂದು ವರ್ಷದೊಳಗೆ ಮಾಡಿಸಿದರೆ ಮತ್ತೆ ಟೆಸ್ಟ್ ಕೊಡಬೇಕಿಲ್ಲ ಎಂದಾಯಿತು. ಆದರೆ ನಡುವಿನ ದಿನಗಳಲ್ಲಿ ಓಡಿಸುವಂತಿಲ್ಲ. ‘ಒಂದು ವರ್ಷ ಟೈಮ್ ಇದೆ’ ಎಂದು ನಮ್ಮ ಆಫೀಸಿನಲ್ಲೇ ಎಷ್ಟೋ ಜನ ನಂಬಿಕೊಂಡಿದ್ದಾರೆ. ಆ ಒಂದು ವರ್ಷ ಅರ್ಜಿ ಹಾಕಲಿಕ್ಕೆ ಮಾತ್ರ, ಸ್ಟಿಯರಿಂಗ್ ಹಿಡಿಯಲಿಕ್ಕಲ್ಲ. ಸಿಕ್ಕಿಬಿದ್ದರೆ ಓಡಿಸಿದವರಿಗೆ 5000 ದಂಡ, ಗಾಡಿ ಕೊಟ್ಟ ಮಾಲೀಕನಿಗೂ 5000.

ಊಟದ ನಂತರ ಹೆಂಡತಿಗೆ ಹೇಳಿದೆ. ಅವಳು ಧಾರವಾಡದವಳು, ಮನೆಯ ಲೆಕ್ಕವೆಲ್ಲ ಅವಳ ಕೈಯಲ್ಲಿ. ‘ನಿಮ್ಮ ಹೆಸರು ಬರದ್ರ ಯಾರಿಗೇನು ನಷ್ಟ? ನಾಲ್ಕು ವರ್ಷ ಪ್ರೀಮಿಯಂ ಕಟ್ಟೀರಿ, ಒಮ್ಮೆನೂ ಕ್ಲೇಮ್ ಮಾಡಿಲ್ಲ. ಅಪ್ಪಾಜಿಗೆ ಗಾಡಿ ಓಡಸಾಕ ಬರೂದಿಲ್ಲಂತಲ್ಲಲ್ಲ, ಒಂದು ಕಾಗದ ಹಳೇದಾಗಿತ್ತು ಅಷ್ಟ’ ಎಂದಳು. ಅದರಲ್ಲಿ ನ್ಯಾಯವಿಲ್ಲ ಎಂದು ನಾನು ಇವತ್ತೂ ಹೇಳಲಾರೆ. ಮೇಲಾಗಿ ಆ ದುಡ್ಡು ನಮ್ಮ ಮೂರು ತಿಂಗಳ ಗೃಹಸಾಲದ ಕಂತು. ನಾನು ಪೆನ್ನು ತೆಗೆದುಕೊಂಡು ಚಾಲಕನ ಹೆಸರು ಎಂಬಲ್ಲಿ ನನ್ನ ಹೆಸರು ಬರೆದೆ. ಸಂಬಂಧ ಎಂಬಲ್ಲಿ ‘ಸ್ವತಃ’ ಎಂದೂ ಬರೆದೆ. ಸಹಿ ಮಾತ್ರ ಬೆಳಿಗ್ಗೆ ಹಾಕಿದರಾಯಿತು ಎಂದು ಡೈನಿಂಗ್ ಟೇಬಲ್ ಮೇಲೆ ಬಿಟ್ಟು ಮಲಗಿದೆ.

ಅಪ್ಪ ಐದಕ್ಕೇ ಏಳುವವರು. ನಾನು ಎದ್ದು ಬಂದಾಗ ಕನ್ನಡಕ ಹಾಕಿಕೊಂಡು, ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಫಾರ್ಮ್ ಓದುತ್ತಿದ್ದರು.

‘ಗಾಡಿ ಬಡಿಸಿದಾವ ನಾ. ಇಲ್ಲಿ ನಿನ್ನ ಹೆಸರ ಯಾಕೈತಿ?’

ನಾನು ಝೀರೋ ಡೆಪ್, ತಿದ್ದುಪಡಿ, ಅಡ್ವೈಸರ್ ಎಂದೆಲ್ಲ ಹೇಳತೊಡಗಿದೆ. ಅವರು ಪೂರ್ತಿ ಕೇಳಿದರು. ಆಮೇಲೆ, ‘ನಾ ಸರ್ವಿಸ್‌ದಾಗ ಎಷ್ಟ ಮಹಜರ್ ಬರದೀನಿ ಗೊತ್ತೈತೇನ? ಕಂಬದ ಮ್ಯಾಲ ಇದ್ದಾವನ ಹೆಸರ ಬರದೀನಿ’ ಎಂದು ಎದ್ದು ಬಾಲ್ಕನಿಗೆ ಹೋದರು.

ಇದರ ಹಿಂದಿನ ಕತೆ ನನಗೆ ಅವ್ವನಿಂದ ಗೊತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಗುತ್ತಿಗೆಯ ಹುಡುಗನೊಬ್ಬ ಕಂಬದ ಮೇಲೆ ಶಾಕ್ ಹೊಡೆದು ಬಿದ್ದಿದ್ದ. ಲೈನ್ ಕ್ಲಿಯರ್ ಪಡೆಯದೆ ತಾನಾಗಿಯೇ ಹತ್ತಿದ ಎಂದು ಬರೆಯಲು ಅಪ್ಪನಿಗೆ ಹೇಳಿದ್ದರಂತೆ. ಬರೆದಿದ್ದರೆ ಹುಡುಗನಿಗೆ ಪರಿಹಾರ ಸಿಗುತ್ತಿರಲಿಲ್ಲ. ಅಪ್ಪ, ಹತ್ತಲು ಹೇಳಿದವರು ಯಾರು ಎಂದೇ ಬರೆದರು. ಮರುವರ್ಷ ನಮಗೆ ವರ್ಗವಾಯಿತು, ನಾನು ಒಂಬತ್ತನೇ ಕ್ಲಾಸಿನ ಮಧ್ಯೆ ಶಾಲೆ ಬದಲಾಯಿಸಿದೆ. ಅದಕ್ಕೂ ನನ್ನ ಕಾರಿನ ಬಂಪರಿಗೂ ಹೋಲಿಕೆಯೇ ಇಲ್ಲ ಎಂದು ಆ ಬೆಳಿಗ್ಗೆ ಸಿಟ್ಟು ಬಂದದ್ದು ನಿಜ.

ಫಾರ್ಮ್ ಮತ್ತೆ ಕೈಗೆತ್ತಿಕೊಂಡೆ. ಕೊನೆಯಲ್ಲಿ ಘೋಷಣೆ: ಮೇಲೆ ಹೇಳಿದ್ದೆಲ್ಲ ಸತ್ಯ, ಸುಳ್ಳೆಂದು ಕಂಡರೆ ಕ್ಲೇಮ್ ಹಕ್ಕು ಹೋಗುತ್ತದೆ. ಆಗ ನನಗೆ ರಿಲೀಸ್ ಕಾಲ್ ನೆನಪಾಯಿತು. ಅಪಘಾತದ ಹೊತ್ತಿಗೆ ನಾನು ಹದಿನಾಲ್ಕು ಜನರೊಂದಿಗೆ ಕಾಲ್‌ನಲ್ಲಿದ್ದೆ, ಅದು ರೆಕಾರ್ಡ್ ಆಗಿದೆ, ನನ್ನ ಲಾಗಿನ್ ನಿಮಿಷ ನಿಮಿಷಕ್ಕೂ ಇದೆ. ಸೊಸೈಟಿಯ ಗೇಟಿನಲ್ಲಿ ಕ್ಯಾಮೆರಾ ಇದೆ, ಅಪ್ಪ ಕಾರು ಹೊರಗೆ ತೆಗೆದದ್ದು ಅದರಲ್ಲಿದೆ. ದಿನವಿಡೀ ಲಾಗ್ ಹುಡುಕಿ ಯಾರು ಎಲ್ಲಿ ತಪ್ಪಿದರು ಎಂದು ಹೇಳುವುದೇ ಕೆಲಸವಾಗಿರುವ ನಾನು, ಇಷ್ಟು ಕೆಟ್ಟ ಸುಳ್ಳು ಹೇಳಹೊರಟಿದ್ದೆ! ಅಪ್ಪನ ಮಾತಿಗೋ, ಲಾಗಿನ ಹೆದರಿಕೆಗೋ, ಹೊಸ ಫಾರ್ಮ್ ಇಳಿಸಿಕೊಂಡು ಅಪ್ಪನ ಹೆಸರು ಬರೆದೆ. ಯಾವುದಕ್ಕೆ ಎಂದು ಖಚಿತವಾಗಿ ಹೇಳಲಾರೆ.

ಅಡ್ವೈಸರ್ ಹಣೆ ಚಚ್ಚಿಕೊಂಡ. ಐವತ್ತು ಸಾವಿರಕ್ಕೆ ಮೇಲ್ಪಟ್ಟ ಕ್ಲೇಮ್ ಆದ್ದರಿಂದ ಪರವಾನಗಿ ಪಡೆದ ಸರ್ವೇಯರ್ ಬಂದರು. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಚಾಸಿ ನಂಬರ್, ಮೀಟರ್ ರೀಡಿಂಗ್, ಒಡೆದ ಪ್ರತಿ ಭಾಗದ ಫೋಟೊ ತೆಗೆದರು. ಪೆಟ್ಟು ಬಿದ್ದ ಎತ್ತರವನ್ನು ನನ್ನ ತಡೆಗೋಡೆಯ ಫೋಟೊದೊಂದಿಗೆ ತಾಳೆ ನೋಡಿದರು. ಕೊನೆಗೆ ಅಪ್ಪನ ಲೈಸೆನ್ಸ್ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಖರಂ ಸಾಂಗಿತಲಂತ್’ ಎಂದರು, ಅಷ್ಟೇ. ಖರೆ ಹೇಳಿದ್ರಿ. ನಮ್ಮ ಕಡೆಯ ‘ಖರೆ’ ಇಲ್ಲಿಯದೇ ಎಂದು ಆ ಗ್ರೀಸ್ ವಾಸನೆಯ ನಡುವೆ ಹೊಳೆಯಿತು.

ಹದಿನೆಂಟು ದಿನಕ್ಕೆ ಪತ್ರ ಬಂತು. ಅಪಘಾತದ ವೇಳೆ ಚಾಲಕರ ಬಳಿ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಲಿಲ್ಲ, ಆದ್ದರಿಂದ ಕ್ಲೇಮ್ ತಿರಸ್ಕರಿಸಲಾಗಿದೆ. ಗೆಳೆಯರು ಇನ್ಶೂರೆನ್ಸ್ ಒಂಬುಡ್ಸ್‌ಮನ್‌ಗೆ ಹೋಗು ಎಂದರು. ಅದರ ಕಚೇರಿ ಪುಣೆಯಲ್ಲೂ ಇದೆ, ಬೆಂಗಳೂರಿನಲ್ಲೂ ಇದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ಅಲ್ಲಿಗೆ ಹೋಗಬಹುದು. ಕಂಪನಿ ಹಣ ಕಡಿತ ಮಾಡಿದ್ದರೆ, ತಿಂಗಳುಗಟ್ಟಲೆ ಎಳೆದಾಡಿದ್ದರೆ ನಾನು ಖಂಡಿತ ಹೋಗುತ್ತಿದ್ದೆ. ನಿಮಗೆ ಹಾಗಾಗಿದ್ದರೆ ಸರ್ವೇ ವರದಿಯ ಪ್ರತಿ ಕೇಳಿ ಪಡೆದು ಹೋಗಿ, ಕೇಳಿದರೆ ಕೊಡಲೇಬೇಕು. ಆದರೆ ನನ್ನ ಪಾಲಿಸಿಯಲ್ಲಿ ಈ ಷರತ್ತು ಸ್ಪಷ್ಟವಾಗಿಯೇ ಇತ್ತು. ಜಗಳಕ್ಕೆ ಕಾರಣ ಸಿಗಲಿಲ್ಲ.

ಪಾಲಿಸಿಯನ್ನು ಆಗಲೇ ನಾನು ಮೊದಲ ಬಾರಿ ಪೂರ್ತಿ ಓದಿದ್ದು. ಓದುತ್ತಾ ಹೋದಂತೆ ಒಂದೂಕಾಲು ಲಕ್ಷ ಸಣ್ಣದಾಗಿ ಕಾಣತೊಡಗಿತು. ಆ ಸ್ಕೂಟರಿನವನಿಗೆ ಪೆಟ್ಟಾಗಿದ್ದರೆ? ಲೈಸೆನ್ಸ್ ಇಲ್ಲದ ಇಂಥ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಕಂಪನಿ ಮೊದಲು ಗಾಯಾಳುವಿಗೆ ಪರಿಹಾರ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲು ಮಾಡುತ್ತದೆ. ಸುಪ್ರೀಂ ಕೋರ್ಟು 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಇದನ್ನು ವಿವರವಾಗಿ ಹೇಳಿದೆ. ಸಾವು, ಅಂಗವೈಕಲ್ಯವಾದರೆ ಪರಿಹಾರಕ್ಕೆ ಮೇಲ್ಮಿತಿಯಿಲ್ಲ. ವಸೂಲಿಗೆ ಬರುವುದು ನನ್ನ ಮನೆಗೆ. ಇನ್ನೊಂದು: 15 ಲಕ್ಷದ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ಇರುವುದು ಗಾಡಿ ಓಡಿಸುವ ಮಾಲೀಕನಿಗೆ ಮಾತ್ರ. ಅಪ್ಪನಿಗೆ ಏನಾದರೂ ಆಗಿದ್ದರೆ ಲೈಸೆನ್ಸ್ ಸರಿಯಿದ್ದರೂ ಅದರಲ್ಲಿ ಏನೂ ಸಿಗುತ್ತಿರಲಿಲ್ಲ. ಆ ರಾತ್ರಿ ಹೆಂಡತಿಗೂ ಓದಿ ಹೇಳಿದೆ. ಅವಳು ‘ಮಣಿಕಟ್ಟಿಗೇ ಹೋತು ಬಿಡ್ರಿ’ ಎಂದಳು. ದುಡ್ಡಿನ ಮಾತು ಮತ್ತೆ ಎತ್ತಲಿಲ್ಲ.

ತಮಾಷೆಯೆಂದರೆ, ಕ್ಲೇಮ್ ಇಲ್ಲ ಎಂದು ಗೊತ್ತಾದ ಕೂಡಲೇ ಅದೇ ಅಡ್ವೈಸರ್ ಇನ್ನೊಂದು ಅಂದಾಜು ಕೊಟ್ಟ. ಅದು ‘ಕ್ಯಾಶ್ ರೇಟ್’. ಬದಲಾಯಿಸಲೇಬೇಕಿದ್ದ ಫೆಂಡರ್ ಈಗ ಬಡಿದು ಸರಿ ಮಾಡಬಹುದಾಗಿತ್ತು, ಬಾನೆಟ್ ಕೂಡ. 1,26,400 ಇದ್ದದ್ದು 83,000ಕ್ಕೆ ಇಳಿಯಿತು. ಅವನ ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ನಾವು ಎಲ್ಲರೂ ಕಟ್ಟುವ ಪ್ರೀಮಿಯಂ ಎಲ್ಲಿಗೆ ಹೋಗುತ್ತದೆ ಎಂದು ಅವತ್ತು ಸ್ವಲ್ಪ ಅರ್ಥವಾಯಿತು. ನವೀಕರಣದ ಹೊತ್ತಿಗೆ ನೋ ಕ್ಲೇಮ್ ಬೋನಸ್ ಹಾಗೇ ಉಳಿದಿತ್ತು, ಅದೊಂದು ಸಮಾಧಾನ.

ಅಪ್ಪ ಊರಿಗೆ ಹೋದ ವಾರವೇ ನನ್ನ ಖಾತೆಗೆ 60,000 ರೂಪಾಯಿ ಬಂತು. ವಾಪಸ್ ಕಳಿಸಿದೆ. ಮತ್ತೆ ಬಂತು. ಮೂರನೇ ಸಲ ಕಳಿಸುವ ಧೈರ್ಯವಾಗದೆ ಮಗಳ ಹೆಸರಿನಲ್ಲಿ ಇಟ್ಟಿದ್ದೇನೆ, ಅವರಿಗೆ ಹೇಳಿಲ್ಲ. ಹಾವೇರಿ ಆರ್‌ಟಿಒದಲ್ಲಿ ಲೈಸೆನ್ಸ್ ನವೀಕರಣವಾಯಿತು. ಆ ವಯಸ್ಸಿಗೆ ಐದು ವರ್ಷಕ್ಕೆ ಕೊಡುತ್ತಾರೆ, ಡಾಕ್ಟರ ಸರ್ಟಿಫಿಕೇಟ್ ಬೇಕು. ನನ್ನ ಫೋನಿನ ಕ್ಯಾಲೆಂಡರಿನಲ್ಲಿ ಈಗ ಅಪ್ಪನದು, ನನ್ನದು, ಹೆಂಡತಿಯದು, ಹೆಂಡತಿಯ ತಮ್ಮನದು ಹೀಗೆ ನಾಲ್ಕು ದಿನಾಂಕಗಳಿವೆ. ಪ್ರತಿಯೊಂದಕ್ಕೂ ಆರು ತಿಂಗಳ ಮುಂಚೆ ಗಂಟೆ ಹೊಡೆಯುತ್ತದೆ.

ದೀಪಾವಳಿಗೆ ಅಪ್ಪ ಅವ್ವ ಮತ್ತೆ ಬಂದರು. ನಾಲ್ಕು ದಿನ ಅಪ್ಪ ಕಾರಿನ ಹತ್ತಿರ ಹೋಗಲಿಲ್ಲ, ತರಕಾರಿಗೆ ನಡೆದೇ ಹೋದರು. ಐದನೇ ದಿನ ಅವ್ವನಿಗೆ ಮೊಣಕಾಲು ನೋವು, ಡಾಕ್ಟರ ಹತ್ತಿರ ಹೋಗಬೇಕಿತ್ತು. ನಾನು ಕಾಲ್‌ನಲ್ಲಿದ್ದೆ. ಅಪ್ಪ ಬಂದು ನನ್ನ ಕೀಬೋರ್ಡ್ ಮೇಲೆ ಹೊಸ ಲೈಸೆನ್ಸ್ ಇಟ್ಟರು.

‘ತಾರೀಖ ನೋಡ್ಕೋ. ಚಾವಿ ಎಲ್ಲೈತಿ?’

ಮೈಕ್ ಮ್ಯೂಟ್ ಮಾಡಿ, ತಾರೀಖು ಓದಿ, ಚಾವಿ ಕೊಟ್ಟೆ.