ಹೆಪ್ಪಿನಂತೆ ಕೈಬದಲಾಗುವ ಜೀನ್‌ಗಳು

‘ವೈದ್ಯರು ಬರೆದುಕೊಟ್ಟ ಮಾತ್ರೆ ಒಂದನ್ನೂ ತಪ್ಪಿಸಿಲ್ಲ, ಬೇಡದಿದ್ದಾಗ ನುಂಗಿದವಳೂ ಅಲ್ಲ. ಆದರೂ ಮೂತ್ರದ ಸೋಂಕಿಗೆ ಮೂರು ಆ್ಯಂಟಿಬಯೋಟಿಕ್ ನಾಟುವುದಿಲ್ಲ ಎಂದು ಕಲ್ಚರ್ ವರದಿ ಬಂದಿದೆ. ನನ್ನ ದೇಹ ಔಷಧಿಗೆ ಒಗ್ಗಿಹೋಯಿತೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ.

ಒಗ್ಗಿದ್ದು ದೇಹವಲ್ಲ, ಬ್ಯಾಕ್ಟೀರಿಯಾ. ಅದು ಅವರ ದೇಹದೊಳಗೇ ಒಗ್ಗಿಕೊಂಡಿರಬೇಕೆಂದೂ ಇಲ್ಲ.

ಅದು ಹೇಗೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಎರಡನೇ ಮಹಾಯುದ್ಧದ ನಂತರ ಜಪಾನಿನಲ್ಲಿ ರಕ್ತಭೇದಿ ಜೋರಾಗಿತ್ತು. ಮೊದಲು ಸಲ್ಫಾ ಔಷಧಿ ಸೋತಿತು. 1950ರ ದಶಕದ ನಡುವೆ ಸಲ್ಫಾ, ಸ್ಟ್ರೆಪ್ಟೋಮೈಸಿನ್, ಕ್ಲೋರಾಂಫೆನಿಕಾಲ್, ಟೆಟ್ರಾಸೈಕ್ಲಿನ್ ಈ ನಾಲ್ಕಕ್ಕೂ ಬಗ್ಗದ, ರಕ್ತಭೇದಿ ತರುವ ಶಿಗೆಲ್ಲಾ ಬ್ಯಾಕ್ಟೀರಿಯಾ ಬಂತು. ಒಂದೊಂದು ಔಷಧಿಗೂ ಒಂದೊಂದು ಆಕಸ್ಮಿಕ ಬದಲಾವಣೆ ಬೇಕು. ನಾಲ್ಕೂ ಒಂದೇ ಕೋಶದಲ್ಲಿ ಒಟ್ಟಿಗೆ ಆಗುವುದು ಲೆಕ್ಕಕ್ಕೇ ಸಿಗದ ಮಾತು. ವಿಚಿತ್ರವೆಂದರೆ, ಅಂಥ ರೋಗಿಗಳ ಕರುಳಿನಲ್ಲಿದ್ದ ನಿರುಪದ್ರವಿ ಇ. ಕೋಲಿಯೂ ಅದೇ ನಾಲ್ಕು ಔಷಧಿಗಳನ್ನು ತಡೆದುಕೊಳ್ಳುತ್ತಿತ್ತು. 1959ರಲ್ಲಿ ಅಲ್ಲಿನ ವಿಜ್ಞಾನಿಗಳಾದ ಒಚಿಯಾಯ್ ಮತ್ತು ಅಕಿಬಾ ಅವರ ತಂಡಗಳು ಎರಡು ಜಾತಿಗಳನ್ನೂ ಬೆರೆಸಿಟ್ಟು ನೋಡಿದವು. ನಾಲ್ಕೂ ಔಷಧಿಗಳ ನಿರೋಧ ಒಂದರಿಂದ ಇನ್ನೊಂದಕ್ಕೆ ಇಡಿಯಾಗಿ ದಾಟಿತ್ತು! ಜಪಾನಿ ಭಾಷೆಯಲ್ಲಿದ್ದ ಈ ಕೆಲಸವನ್ನು ಪಾಶ್ಚಾತ್ಯ ಜಗತ್ತು ಗಂಭೀರವಾಗಿ ಗಮನಿಸಿದ್ದು 1963ರಲ್ಲಿ ತ್ಸುತೊಮು ವಾತಾನಾಬೆ ಇಂಗ್ಲಿಷಿನಲ್ಲಿ ವಿವರವಾಗಿ ಬರೆದ ಮೇಲೆ.

ದಾಟಿದ್ದು ಪ್ಲಾಸ್ಮಿಡ್, ಅಂದರೆ ಮುಖ್ಯ ವರ್ಣತಂತುವಿನಿಂದ ಬೇರೆಯಾಗಿರುವ ಡಿಎನ್‌ಎಯ ಪುಟ್ಟ ಬಳೆ. ಪಕ್ಕದ ಮನೆಯವರು ಹೆಪ್ಪು ಕೇಳಿದರೆ ಒಂದು ಚಮಚ ಕೊಡುತ್ತೇವಲ್ಲ, ಇದೂ ಹಾಗೆಯೇ. ಕೊಟ್ಟರೆ ನಮ್ಮ ಮನೆಯ ಮೊಸರೇನೂ ಮುಗಿಯುವುದಿಲ್ಲ, ಅವರ ಪಾತ್ರೆಯೂ ತುಂಬುತ್ತದೆ. ನಾಳೆ ಅವರು ಮೂರನೆಯ ಮನೆಗೆ ಕೊಡಬಲ್ಲರು. ಪಡೆಯುವವರು ನೆಂಟರೇ ಆಗಬೇಕೆಂದಿಲ್ಲ, ನೆರೆಯವರಾದರೆ ಸಾಕು. ಬ್ಯಾಕ್ಟೀರಿಯಾ ಕೂಡ ಪ್ಲಾಸ್ಮಿಡ್ಡಿನ ಪ್ರತಿಯೊಂದನ್ನು ದಾಟಿಸಿ ತನ್ನದನ್ನು ಉಳಿಸಿಕೊಳ್ಳುತ್ತದೆ. ಜೀನ್ ತಾಯಿಯಿಂದ ಮಗುವಿಗೆ ಇಳಿದು ಬರುವುದನ್ನಷ್ಟೇ ಕಲಿತ ನಮಗೆ ಈ ಅಡ್ಡ ಹಾದಿ ಅರಗುವುದು ಕಷ್ಟ.

ಬ್ಯಾಕ್ಟೀರಿಯಾಗಳು ಹೀಗೆ ಜೀನ್ ಹಂಚಿಕೊಳ್ಳುತ್ತವೆಂದು 1946ರಲ್ಲಿ ಮೊದಲು ತೋರಿಸಿದವರು ಜೋಶುವಾ ಲೆಡರ್‌ಬರ್ಗ್ ಮತ್ತು ಎಡ್ವರ್ಡ್ ಟೇಟಮ್. 1958ರ ನೊಬೆಲ್‌ನಲ್ಲಿ ಇಬ್ಬರಿಗೂ ಪಾಲು ಸಿಕ್ಕಿತು. ಈ ದಾಟುವಿಕೆಯನ್ನು ಸಾಧ್ಯವಾಗಿಸುವ ಎಫ್ ಅಂಶದ ಶೋಧದಲ್ಲಿ ದುಡಿದ, ಲ್ಯಾಂಬ್ಡಾ ವೈರಸ್ಸನ್ನು ಕಂಡುಹಿಡಿದ ಜೋಶುವಾ ಅವರ ಪತ್ನಿ ಎಸ್ತರ್ ಲೆಡರ್‌ಬರ್ಗ್ ಅವರನ್ನು ಮಾತ್ರ ಬಹುಮಾನ ಮರೆಯಿತು. ಅದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಔಷಧಿ ನಿಲ್ಲಿಸಿದರೆ ನಿರೋಧದ ಜೀನ್ ತಾನಾಗಿ ಹೋಗದೇ? ಬ್ರಿಟನ್ನಿನಲ್ಲಿ 1990ರ ದಶಕದಲ್ಲಿ ಸಲ್ಫಾ ಔಷಧಿಗಳ ಬಳಕೆ ಸುಮಾರು ಶೇ. 97ರಷ್ಟು ಇಳಿಯಿತು. ಆದರೆ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಪರೀಕ್ಷಿಸಿದ ಇ. ಕೋಲಿಗಳಲ್ಲಿ ಸಲ್ಫಾ ನಿರೋಧ 1991ರಲ್ಲಿ ಶೇ. 40ರಷ್ಟಿದ್ದದ್ದು 1999ರಲ್ಲಿ ಶೇ. 46 ಆಗಿತ್ತು. ಒಂದೇ ಪ್ಲಾಸ್ಮಿಡ್ಡಿನಲ್ಲಿ ಬೇರೆ ಔಷಧಿಗಳ ನಿರೋಧವೂ ಕೂತಿರುತ್ತದೆ. ಒಂದಕ್ಕಾಗಿ ಉಳಿದರೆ ಎಲ್ಲವೂ ಉಳಿದಂತೆ. ಸಾಲದ್ದಕ್ಕೆ ಕೆಲವು ಪ್ಲಾಸ್ಮಿಡ್ಡುಗಳು ವಿಷವನ್ನೂ ಪ್ರತಿವಿಷವನ್ನೂ ಜೊತೆಗೇ ತಯಾರಿಸುತ್ತವೆ. ಪ್ರತಿವಿಷ ಬೇಗ ಕರಗುತ್ತದೆ, ವಿಷ ನಿಧಾನ. ಪ್ಲಾಸ್ಮಿಡ್ ಕಳೆದುಕೊಂಡ ಕೋಶಕ್ಕೆ ಹೊಸ ಪ್ರತಿವಿಷ ಸಿಗದು, ಅದು ಸಾಯುತ್ತದೆ.

ಮಣ್ಣಿನಲ್ಲಿ ಜೀನ್ ದಾಟುವ ಇದೇ ಅಡ್ಡ ಹಾದಿ ರೈತನಿಗೆ ಅನುಕೂಲವಾಗಬಹುದು. ನ್ಯೂಜಿಲೆಂಡಿನ ಹೊಲವೊಂದರಲ್ಲಿ ಲೋಟಸ್ ಎಂಬ ದ್ವಿದಳ ಮೇವಿನ ಬೀಜಕ್ಕೆ ಒಂದೇ ತಳಿಯ ರೈಜೋಬಿಯಂ ಬ್ಯಾಕ್ಟೀರಿಯಾ ಲೇಪಿಸಿ ಬಿತ್ತಿದ್ದರು. ಏಳು ವರ್ಷಗಳ ನಂತರ ಬೇರುಗಂಟುಗಳಲ್ಲಿ ಹೆಚ್ಚಿನವು ಆ ತಳಿಯದಾಗಿರಲಿಲ್ಲ. ಅಲ್ಲಿನ ಮಣ್ಣಿನದೇ ಬ್ಯಾಕ್ಟೀರಿಯಾಗಳು ಸುಮಾರು ಐದು ಲಕ್ಷ ಅಕ್ಷರಗಳ ಡಿಎನ್‌ಎ ತುಂಡನ್ನು ಹೊಸಬನಿಂದ ಪಡೆದು, ಗಂಟು ಕಟ್ಟಿ ಸಾರಜನಕ ಹಿಡಿಯುವ ವಿದ್ಯೆ ಕಲಿತಿದ್ದವು. ಇಲ್ಲಿ ದಾಟಿದ್ದು ಪ್ಲಾಸ್ಮಿಡ್ ಅಲ್ಲ, ವರ್ಣತಂತುವಿನದೇ ಒಂದು ಭಾಗ. ರೈಜೋಬಿಯಂ ಪೊಟ್ಟಣದ ಮೇಲೆ ‘ಇಷ್ಟು ಕೋಟಿ ಜೀವಾಣು’ ಎಂದು ಅಚ್ಚು ಹಾಕುವವರು ಆ ಜೀವಾಣುಗಳ ಜೀನ್‌ಗಳ ಮುಂದಿನ ಪಯಣವನ್ನು ಹೇಳುವುದೇ ಇಲ್ಲ.

ಉದ್ಯಮದಲ್ಲಿ ಪ್ಲಾಸ್ಮಿಡ್ಡುಗಳ ಸದ್ದು ಹೆಚ್ಚು. ಅಮೆರಿಕದಲ್ಲಿದ್ದ ಬಂಗಾಳದ ಆನಂದ ಮೋಹನ ಚಕ್ರವರ್ತಿ ಬೇರೆ ಬೇರೆ ಪ್ಲಾಸ್ಮಿಡ್ಡುಗಳನ್ನು ಸ್ಯೂಡೋಮೊನಾಸ್ ಎಂಬ ಒಂದೇ ಬ್ಯಾಕ್ಟೀರಿಯಾದಲ್ಲಿ ಸೇರಿಸಿ, ಕಚ್ಚಾತೈಲ ತಿನ್ನುವ ತಳಿ ರೂಪಿಸಿದರು. 1980ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಅದಕ್ಕೆ ಪೇಟೆಂಟ್ ಸಲ್ಲುತ್ತದೆಂದಿತು. ತೀರ್ಪು ಜಗತ್ಪ್ರಸಿದ್ಧವಾಯಿತು, ತೈಲ ಸೋರಿದ ಸಮುದ್ರಕ್ಕೆ ಆ ಜೀವಿಯನ್ನು ಯಾರೂ ಇಳಿಸಲಿಲ್ಲ. ನಿಜವಾಗಿ ಬದುಕು ಉಳಿಸಿದ್ದು ಇನ್ಸುಲಿನ್. ಮನುಷ್ಯನ ಇನ್ಸುಲಿನ್ ಜೀನನ್ನು 1978ರಲ್ಲಿ ಇ. ಕೋಲಿಯ ಪ್ಲಾಸ್ಮಿಡ್ಡಿಗೆ ಸೇರಿಸಿದರು, 1982ರಲ್ಲಿ ಹೀಗೆ ತಯಾರಾದ ಇನ್ಸುಲಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಆದರೆ ಇಂಥ ಪ್ಲಾಸ್ಮಿಡ್ ಬ್ಯಾಕ್ಟೀರಿಯಾಕ್ಕೆ ಬರೀ ಹೊರೆ, ಸಂದು ಸಿಕ್ಕರೆ ಬಿಟ್ಟುಬಿಡುತ್ತದೆ. ಅದಕ್ಕೇ ಪ್ಲಾಸ್ಮಿಡ್ಡಿನಲ್ಲಿ ಆ್ಯಂಟಿಬಯೋಟಿಕ್ ನಿರೋಧದ ಜೀನನ್ನೂ ಜೋಡಿಸಿ, ಬೆಳೆಸುವ ದ್ರಾವಣಕ್ಕೆ ಆ ಔಷಧಿ ಬೆರೆಸುವುದು ಇಂದಿಗೂ ಪ್ರಯೋಗಾಲಯಗಳ ವಾಡಿಕೆ.